ಆಸ್ಪತ್ರೆಯಿಂದ ಬಿಡುಗಡೆಯಾದ ಹೃದಯ ವೈಫಲ್ಯ ರೋಗಿಗಳ ದೂರ ಆರೈಕೆ: ಯಾವಗಲ್ ಭಾಗವನ್ನು ಕುರಿತು ಒಂದು ಅವಲೋಕನ

ಹಿನ್ನೆಲೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ ಗ್ರಾಮವು ರೋಣ ಮತ್ತು ನರಗುಂದ ಪಟ್ಟಣಗಳ ನಡುವಿನ ಎರೆಭೂಮಿಯ ಪ್ರದೇಶದಲ್ಲಿದೆ. ಈ ಭಾಗದ ಜನರಿಗೆ ರೋಣ ಮತ್ತು ನರಗುಂದದ ತಾಲ್ಲೂಕು ಆಸ್ಪತ್ರೆಗಳು ಹತ್ತಿರದವು. ಹೃದಯಕ್ಕೆ ಸಂಬಂಧಿಸಿದ ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ಗದಗ, ಹುಬ್ಬಳ್ಳಿ ಅಥವಾ ಬಾಗಲಕೋಟೆಗೆ ಹೋಗುವುದು ರೂಢಿ. ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿ ಹರಿದಾಗ ಯಾವಗಲ್ ಬಳಿಯ ಸೇತುವೆಯ ಮೇಲೆ ನೀರು ಬಂದು ರೋಣ–ನರಗುಂದ ಸಂಚಾರ ಸ್ಥಗಿತಗೊಳ್ಳುವುದೂ ಇಲ್ಲಿನ ಜನರಿಗೆ ಹೊಸದಲ್ಲ. ಆಗಸ್ಟ್ 2019ರಲ್ಲಿ ಮಲಪ್ರಭಾ ನದಿ ಹಾಗೂ ಬೆಣ್ಣೆಹಳ್ಳಗಳ ಪ್ರವಾಹದಿಂದ ರೋಣ ಮತ್ತು ನರಗುಂದ ತಾಲ್ಲೂಕುಗಳ ಅನೇಕ ಗ್ರಾಮಗಳು ಬಾಧಿತವಾಗಿದ್ದವು.

ಇಂತಹ ಗ್ರಾಮದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ದಾಖಲಾಗಿ, ಎಂಟು-ಹತ್ತು ದಿನಗಳ ನಂತರ ಮನೆಗೆ ಮರಳುವ ಹೃದಯ ವೈಫಲ್ಯ ರೋಗಿಯ ಮುಂದಿನ ಮೂರು ತಿಂಗಳು ಹೇಗೆ ಕಳೆಯುತ್ತದೆ ಎಂಬುದೇ ಈ ಅವಲೋಕನದ ವಿಷಯ. ರಾಜ್ಯದಲ್ಲಿ ದೂರವಾಣಿ ಹಾಗೂ ಅಂತರ್ಜಾಲದ ಮೂಲಕ ವೈದ್ಯಕೀಯ ಸಲಹೆ ನೀಡುವ ವ್ಯವಸ್ಥೆ ಹೊಸದೇನೂ ಅಲ್ಲ. 2002ರಲ್ಲಿಯೇ ಇಸ್ರೋ ಉಪಗ್ರಹ ಸಂಪರ್ಕದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಆ ಬಳಿಕದ ಎರಡು ದಶಕಗಳಲ್ಲಿ ಉಪಗ್ರಹದ ಕೆಲಸವನ್ನು ಕೈಯಲ್ಲಿನ ಮೊಬೈಲ್ ಫೋನ್ ವಹಿಸಿಕೊಂಡಿದೆ. ಆದರೆ ಈ ವ್ಯವಸ್ಥೆಗಳಲ್ಲಿ ಹೆಚ್ಚಿನವು ರೋಗಿಯನ್ನು ಆಸ್ಪತ್ರೆಗೆ ಬೇಗ ತಲುಪಿಸುವುದಕ್ಕೆ ರೂಪುಗೊಂಡಂಥವು. ಆಸ್ಪತ್ರೆಯಿಂದ ಮನೆಗೆ ಮರಳಿದವನನ್ನು ಹಿಂಬಾಲಿಸಿ ವಿಚಾರಿಸುವುದಕ್ಕೆ ರೂಪುಗೊಂಡವು ಕಡಿಮೆ.

ಹೃದಯ ವೈಫಲ್ಯ ಎಂದರೇನು

ಈ ಹೆಸರನ್ನು ಕೇಳಿದೊಡನೆ ಮನೆಯವರು ಗಾಬರಿಯಾಗುವುದು ಸಹಜ. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದು ಎಂದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದಕ್ಕೆ ತಳ್ಳುವ ಶಕ್ತಿ ಹೃದಯದಲ್ಲಿ ಕುಗ್ಗಿ, ಅದರಿಂದಾಗಿ ಶ್ವಾಸಕೋಶ, ಹೊಟ್ಟೆ ಹಾಗೂ ಕಾಲುಗಳಲ್ಲಿ ನೀರು ಸೇರಿಕೊಳ್ಳುವ ಸ್ಥಿತಿಗೆ ಈ ಹೆಸರಿದೆ. ಹಿಂದೆ ಆದ ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಕವಾಟಗಳ ದೋಷ, ಹೃದಯ ಸ್ನಾಯುವಿನ ಕಾಯಿಲೆ ಮುಂತಾದವು ಇದಕ್ಕೆ ಕಾರಣಗಳು. ನಡೆದರೆ ದಮ್ಮು ಬರುವುದು, ಕಾಲಿಗೆ ಬಾವು ಬರುವುದು, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವುದು ಇದರ ಲಕ್ಷಣಗಳು. ಗ್ರಾಮೀಣ ಭಾಗದಲ್ಲಿ ಇವನ್ನು ವಯಸ್ಸಿನ ಸುಸ್ತು ಅಥವಾ ಅಸ್ತಮಾ ಎಂದು ಬಗೆದು ತಿಂಗಳುಗಟ್ಟಲೆ ಸುಮ್ಮನಿರುವ ಸಂದರ್ಭಗಳೂ ಉಂಟು.

ಭಾರತದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿಯಲ್ಲಿ 2019 ಮತ್ತು 2020ರ ಅವಧಿಯಲ್ಲಿ ದೇಶದ 53 ಆಸ್ಪತ್ರೆಗಳ 10,851 ರೋಗಿಗಳ ವಿವರಗಳನ್ನು ದಾಖಲಿಸಲಾಯಿತು. ಅವರ ಸರಾಸರಿ ವಯಸ್ಸು ಸುಮಾರು 60 ವರ್ಷ. ಹತ್ತರಲ್ಲಿ ಏಳು ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳಗಳ ಕಾಯಿಲೆ. 90 ದಿನಗಳೊಳಗೆ ಮರಣ ಹೊಂದಿದವರ ಪ್ರಮಾಣ ಶೇ. 14.2. ಅಂದರೆ ಏಳು ಜನರಲ್ಲಿ ಒಬ್ಬರು. ಶಿಫಾರಸು ಮಾಡಲಾದ ಔಷಧಿಗಳನ್ನು ಪೂರ್ಣವಾಗಿ ಪಡೆಯುತ್ತಿದ್ದವರು ಅರ್ಧಕ್ಕಿಂತ ಕಡಿಮೆ ಇದ್ದರು ಎಂಬುದೂ ಇದೇ ನೋಂದಣಿಯಿಂದ ತಿಳಿದುಬಂದಿದೆ.

ಸದರಿ 90 ದಿನಗಳ ಲೆಕ್ಕವನ್ನು ವಿಮೆಯ ಲೆಕ್ಕದೊಂದಿಗೆ ಹೋಲಿಸಿ ನೋಡುವುದು ಅವಶ್ಯ. ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ 15 ದಿನಗಳವರೆಗಿನ ಔಷಧಿ ಮತ್ತು ಪರೀಕ್ಷೆಗಳ ವೆಚ್ಚವು ಚಿಕಿತ್ಸಾ ಪ್ಯಾಕೇಜಿನಲ್ಲಿಯೇ ಸೇರಿರುತ್ತದೆ. ಕರ್ನಾಟಕದಲ್ಲಿ ಈ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ಸಂಯೋಜಿಸಲಾಗಿದೆ. ಹದಿನಾರನೆಯ ದಿನದಿಂದ ಔಷಧಿಯ ಹೊಣೆ ಕುಟುಂಬದ್ದು. ರೋಗದ ಅಪಾಯ ಮಾತ್ರ ಹದಿನಾರನೆಯ ದಿನಕ್ಕೆ ಮುಗಿಯುವುದಿಲ್ಲ. ಹಾಸಿಗೆಯಲ್ಲಿದ್ದಾಗ ಲಕ್ಷಾಂತರ ರೂಪಾಯಿಗಳ ರಕ್ಷಣೆ ಪಡೆದ ಕುಟುಂಬವೊಂದು, ಮಾಸಿಕ ಮಾತ್ರೆಗಳ ಖರ್ಚಿನ ಮುಂದೆ ಒಂಟಿಯಾಗಿ ನಿಲ್ಲುತ್ತದೆ. ಬಹುತೇಕ ರೋಗಿಗಳು ಎರಡನೆಯ ಬಾರಿ ದಾಖಲಾಗುವುದಕ್ಕೆ ಹೊಸ ಕಾಯಿಲೆ ಬೇಕಾಗಿಲ್ಲ. ಒಂದು ಮಾತ್ರೆ ತಪ್ಪಿದರೆ, ಒಂದು ಹಬ್ಬದ ಊಟದಲ್ಲಿ ಉಪ್ಪು ಹೆಚ್ಚಾದರೆ ಸಾಕು.

ದೂರ ಆರೈಕೆಯ ಬಗ್ಗೆ ಅಧ್ಯಯನಗಳು ತಿಳಿಸುವುದೇನು

ದೂರ ಆರೈಕೆ ಎಂದಾಕ್ಷಣ ದುಬಾರಿ ಯಂತ್ರಗಳ ಚಿತ್ರ ಕಣ್ಮುಂದೆ ಬರುತ್ತದೆ. ವಾಸ್ತವದಲ್ಲಿ ಇದರ ಮೂಲ ಸಾಮಗ್ರಿ ಬಹಳ ಸರಳ. ಒಂದು ತೂಕದ ಯಂತ್ರ, ಒಂದು ರಕ್ತದೊತ್ತಡ ಮಾಪಕ, ಒಂದು ನೋಟ್‌ಬುಕ್ ಹಾಗೂ ಒಂದು ಫೋನ್. ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮುಂಚೆ, ಒಂದೇ ಬಗೆಯ ಉಡುಪಿನಲ್ಲಿ ತೂಕ ನೋಡಿ ಬರೆದಿಡುವುದು ಇದರ ತಿರುಳು. ಮೂರು ದಿನಗಳಲ್ಲಿ 2 ಕಿಲೋಗ್ರಾಂಗಿಂತ ಹೆಚ್ಚು ತೂಕ ಏರಿದಲ್ಲಿ ಅದು ಮೈಗೂಡಿದ ಪುಷ್ಟಿಯಲ್ಲ, ಮೈಯಲ್ಲಿ ನಿಂತ ನೀರು. ಉಬ್ಬಸ ಕಾಣಿಸಿಕೊಳ್ಳುವುದಕ್ಕೆ ಕೆಲವು ದಿನ ಮೊದಲೇ ತೂಕದ ಯಂತ್ರ ಇದನ್ನು ತಿಳಿಸಬಲ್ಲದು.

ಹಾಗಿದ್ದರೂ ತಿಳಿಸುವುದು ಬೇರೆ, ತಿಳಿದವರು ಕ್ರಮ ಕೈಗೊಳ್ಳುವುದು ಬೇರೆ. ಅಮೆರಿಕದಲ್ಲಿ ಆಸ್ಪತ್ರೆಯಿಂದ ಇತ್ತೀಚೆಗೆ ಬಿಡುಗಡೆಯಾಗಿದ್ದ 1,653 ಹೃದಯ ವೈಫಲ್ಯ ರೋಗಿಗಳ ಮೇಲೆ ನಡೆಸಿದ ಪ್ರಯೋಗವೊಂದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ರೋಗಿಗಳು ದಿನವೂ ಒಂದು ಸ್ವಯಂಚಾಲಿತ ದೂರವಾಣಿ ವ್ಯವಸ್ಥೆಗೆ ಕರೆ ಮಾಡಿ, ಕೇಳಿದ ಪ್ರಶ್ನೆಗಳಿಗೆ ಗುಂಡಿ ಒತ್ತಿ ಉತ್ತರಿಸಬೇಕಿತ್ತು. ಆರು ತಿಂಗಳಲ್ಲಿ ಮರಣ ಅಥವಾ ಮರುದಾಖಲಾತಿಯ ಪ್ರಮಾಣ ಒಂದು ಗುಂಪಿನಲ್ಲಿ ಶೇ. 52.3, ಮತ್ತೊಂದು ಗುಂಪಿನಲ್ಲಿ ಶೇ. 51.5. ಪ್ರಯೋಜನ ಶೂನ್ಯ. ಏಳರಲ್ಲಿ ಒಬ್ಬರು ಒಮ್ಮೆಯೂ ಕರೆ ಮಾಡಿರಲಿಲ್ಲ. ಕೊನೆಯ ವಾರಕ್ಕೆ ಬರುವಷ್ಟರಲ್ಲಿ ವಾರಕ್ಕೆ ಮೂರು ಬಾರಿಯಾದರೂ ಕರೆ ಮಾಡುತ್ತಿದ್ದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಗುಂಡಿ ಒತ್ತಿದರೆ ಆ ಕಡೆಯಿಂದ ಮನುಷ್ಯನ ದನಿ ಬಾರದಿದ್ದಾಗ ಒತ್ತುವ ಬೆರಳು ಸೋಲುವುದು ಅಸಹಜವಲ್ಲ.

ಜರ್ಮನಿಯ 1,571 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗದ ಫಲಿತಾಂಶ ಇದಕ್ಕೆ ವಿರುದ್ಧವಾಗಿದೆ. ಅಲ್ಲಿಯೂ ತೂಕ, ರಕ್ತದೊತ್ತಡ, ಇಸಿಜಿ ವಿವರಗಳನ್ನು ಮನೆಯಿಂದಲೇ ಕಳುಹಿಸಲಾಗುತ್ತಿತ್ತು. ಆದರೆ ದೂರವೈದ್ಯ ಕೇಂದ್ರದಲ್ಲಿ ವೈದ್ಯರೂ ದಾದಿಯರೂ ದಿನದ 24 ಗಂಟೆ ಇದ್ದು, ಅಂಕಿಗಳನ್ನು ನೋಡಿ ರೋಗಿಯೊಂದಿಗೆ ಮಾತನಾಡಿ, ಔಷಧಿಯನ್ನು ಬದಲಾಯಿಸುತ್ತಿದ್ದರು. ನೂರು ರೋಗಿಗಳಿಗೆ ವರ್ಷಕ್ಕೆ 11.3ರಷ್ಟಿದ್ದ ಮರಣ ಪ್ರಮಾಣ ಈ ಆರೈಕೆ ಪಡೆದವರಲ್ಲಿ 7.9ಕ್ಕೆ ಇಳಿಯಿತು. ಎರಡೂ ಪ್ರಯೋಗಗಳಲ್ಲಿ ಮನೆಯಿಂದ ವಿವರ ಹೋಗುತ್ತಿತ್ತು. ಆ ವಿವರವನ್ನು ಓದಿ ಉತ್ತರ ಕೊಡಬೇಕಾದ ಹೊಣೆ ಯಾರದು ಎಂಬುದು ಎರಡನೆಯದರಲ್ಲಿ ಮಾತ್ರ ಸ್ಪಷ್ಟವಾಗಿತ್ತು.

2022ರಲ್ಲಿ ಪ್ರಕಟವಾದ, 14 ದೇಶಗಳ 1,078 ರೋಗಿಗಳನ್ನೊಳಗೊಂಡ ಇನ್ನೊಂದು ಪ್ರಯೋಗದಲ್ಲಿ ಬಿಡುಗಡೆಯ ನಂತರ ಒಂದು, ಎರಡು, ಮೂರು ಮತ್ತು ಆರನೆಯ ವಾರಗಳಲ್ಲಿ ರೋಗಿಯನ್ನು ನೋಡಿ ಔಷಧಿಯ ಪ್ರಮಾಣವನ್ನು ಬೇಗನೆ ಏರಿಸಲಾಯಿತು. ಆರು ತಿಂಗಳಲ್ಲಿ ಮರಣ ಅಥವಾ ಮರುದಾಖಲಾತಿಯ ಪ್ರಮಾಣ ಶೇ. 23.3ರಿಂದ ಶೇ. 15.2ಕ್ಕೆ ಇಳಿಯಿತು. ಇಲ್ಲಿ ಯಂತ್ರದ ಪಾತ್ರ ಅಲ್ಪ. ಮೊದಲ ಆರು ವಾರಗಳಲ್ಲಿ ನಾಲ್ಕು ಬಾರಿ ರೋಗಿಯನ್ನು ನೋಡಲಾಯಿತು ಎಂಬುದೇ ಮುಖ್ಯ. ನಮ್ಮಲ್ಲಿ "ಒಂದು ತಿಂಗಳು ಬಿಟ್ಟು ಬನ್ನಿ" ಎಂದು ಬರೆದು ಕಳುಹಿಸುವ ಪದ್ಧತಿಯನ್ನು ಈ ಫಲಿತಾಂಶದ ಬೆಳಕಿನಲ್ಲಿ ಮರುಪರಿಶೀಲಿಸಬೇಕಾಗಿದೆ.

ಕರ್ನಾಟಕದ ಅನುಭವ

ರಾಜ್ಯದಲ್ಲಿ ಇದಕ್ಕೆ ಹತ್ತಿರವಾದ ಎರಡು ಪ್ರಯತ್ನಗಳನ್ನು ಇಲ್ಲಿ ಗಮನಿಸಬಹುದು. ಮೊದಲನೆಯದು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ದೇಶದ 14 ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ. ಅದು ಹೃದಯಾಘಾತದಂತಹ ತೀವ್ರ ಹೃದಯ ತೊಂದರೆಯಿಂದ ಚೇತರಿಸಿಕೊಂಡವರನ್ನು ಕುರಿತದ್ದು. ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರು ಬಿಡುಗಡೆಯ ಸಮಯದಲ್ಲಿ ರೋಗಿಯೊಂದಿಗೆ ಮಾತನಾಡಿ, ನಂತರ ಮನೆಗೂ ಭೇಟಿ ನೀಡಿದರು. ಒಂದು ವರ್ಷದ ನಂತರ ಔಷಧಿಯನ್ನು ತಪ್ಪದೆ ಸೇವಿಸುತ್ತಿದ್ದವರ ಪ್ರಮಾಣ ಅವರಲ್ಲಿ ಶೇ. 97, ಉಳಿದವರಲ್ಲಿ ಶೇ. 92. ಆ ಕಾರ್ಯಕರ್ತರು ವೈದ್ಯರಲ್ಲ ಎಂಬುದನ್ನು ನೆನಪಿಡಬೇಕು.

ಎರಡನೆಯದು, ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್'. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್ಆಪ್ ಗುಂಪಿನ ಮೂಲಕ ತಜ್ಞರೊಂದಿಗೆ ಜೋಡಿಸಿದ ಪ್ರಯತ್ನವಿದು. ಇದಕ್ಕೆ ವಿಶೇಷ ತಂತ್ರಾಂಶ ಬೇಕಾಗಲಿಲ್ಲ. ಎಲ್ಲರ ಕೈಯಲ್ಲಿ ಮೊದಲೇ ಇದ್ದ ಫೋನ್ ಸಾಕಾಯಿತು.

ಸರ್ಕಾರದ ಯೋಜನೆಗಳ ಪೈಕಿ 2023ರಲ್ಲಿ ಘೋಷಿಸಲಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಎದೆನೋವಿನಿಂದ ಬಂದವರ ಇಸಿಜಿಯನ್ನು ದೂರದಿಂದಲೇ ಪರಿಶೀಲಿಸಿ, ಅಗತ್ಯವಿದ್ದಲ್ಲಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಉದ್ದೇಶ ಹೊಂದಿದೆ. 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದಾದ್ಯಂತ ಚರ್ಚೆಗೊಳಗಾದ ನಂತರ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆ ವಿಸ್ತರಣೆಗೊಂಡ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ತೆರಳಿ ರಕ್ತದೊತ್ತಡ, ಮಧುಮೇಹ ಮೊದಲಾದವುಗಳ ತಪಾಸಣೆ ನಡೆಸುತ್ತಾರೆ. ಹೃದಯ ಜ್ಯೋತಿಯು ಮೊದಲ ಗಂಟೆಗೆ ಸಂಬಂಧಿಸಿದ್ದು. ಗೃಹ ಆರೋಗ್ಯವು ಕಾಯಿಲೆಯನ್ನು ಗುರುತಿಸುವುದಕ್ಕೆ ಸಂಬಂಧಿಸಿದ್ದು. ಇವೆರಡರ ನಡುವೆ, ಆಸ್ಪತ್ರೆಯಿಂದ ಬಂದವನ ಆರು ವಾರಗಳು ಉಳಿದುಕೊಳ್ಳುತ್ತವೆ. ಮನೆಬಾಗಿಲಿಗೆ ಬರುವ ಸಿಬ್ಬಂದಿ ಈಗಾಗಲೇ ಇರುವುದರಿಂದ ಈ ತೆರವನ್ನು ತುಂಬಲು ಹೊಸ ಹುದ್ದೆಗಳಿಗಿಂತ ಹೆಚ್ಚಾಗಿ, ಬಿಡುಗಡೆ ಮಾಡಿದ ಆಸ್ಪತ್ರೆಯಿಂದ ಗ್ರಾಮದ ಆರೋಗ್ಯ ಕೇಂದ್ರಕ್ಕೆ ಒಂದು ಸೂಚನೆ ಹೋಗಬೇಕಾಗಿದೆ. ಹುಬ್ಬಳ್ಳಿಯಲ್ಲಿ ಯಾರು ಬಿಡುಗಡೆಯಾದರು ಎಂಬುದು ಯಾವಗಲ್‌ನ ಆಶಾ ಕಾರ್ಯಕರ್ತೆಗೆ ತಿಳಿಯದಿದ್ದರೆ ಆಕೆ ಯಾರ ತೂಕವನ್ನು ವಿಚಾರಿಸಬೇಕು?

ಇ-ಸಂಜೀವಿನಿ ಸೇವೆಯನ್ನು ಪಡೆಯುವ ಬಗೆ

ಕೇಂದ್ರ ಆರೋಗ್ಯ ಸಚಿವಾಲಯದ ಇ-ಸಂಜೀವಿನಿ ದೂರವೈದ್ಯ ಸೇವೆಯು ನವೆಂಬರ್ 2019ರಲ್ಲಿ ಆರಂಭವಾಯಿತು. ರೋಗಿಯು ಮನೆಯಿಂದಲೇ ನೇರವಾಗಿ ವೈದ್ಯರನ್ನು ಸಂಪರ್ಕಿಸುವ ವಿಭಾಗವನ್ನು ಏಪ್ರಿಲ್ 2020ರಲ್ಲಿ ಸೇರಿಸಲಾಯಿತು. ಸೇವೆ ಉಚಿತ. ಸ್ವಂತ ಫೋನ್ ಇರುವವರು ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿ, ಒಟಿಪಿ ನಮೂದಿಸಿ, ಟೋಕನ್ ಪಡೆದು ವೈದ್ಯರೊಂದಿಗೆ ಮಾತನಾಡಬಹುದಾಗಿದೆ. ಸ್ಮಾರ್ಟ್‌ಫೋನ್ ಬಳಕೆ ತಿಳಿಯದ ಹಿರಿಯರು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದಲ್ಲಿ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ವೈದ್ಯರ ಸಂಪರ್ಕ ಪಡೆಯಬಹುದು. ಹೃದಯ ವೈಫಲ್ಯ ರೋಗಿಗೆ ಈ ಎರಡನೆಯ ಮಾರ್ಗವೇ ಹೆಚ್ಚು ಸೂಕ್ತ. ಅಧಿಕಾರಿಯು ರಕ್ತದೊತ್ತಡ ನೋಡಿ, ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ ವೈದ್ಯರಿಗೆ ತಿಳಿಸಬಲ್ಲರು. ಫೋನಿನ ಪರದೆಗೆ ಅದು ಸಾಧ್ಯವಿಲ್ಲ.

ಈ ಸೇವೆಗೆ ಒಂದು ಮಿತಿಯಿದೆ. ಪ್ರತಿ ಬಾರಿಯೂ ಅದೇ ವೈದ್ಯರು ಸಿಗುವರೆಂಬ ಖಾತ್ರಿ ಇಲ್ಲ. ಆದ್ದರಿಂದ ರೋಗದ ಹಿಂದಿನ ಕಥೆಯನ್ನು ಕಾಗದವೇ ಹೇಳಬೇಕಾಗುತ್ತದೆ. ಬಿಡುಗಡೆ ಪತ್ರ, ಎಕೋ ವರದಿ, ಇತ್ತೀಚಿನ ರಕ್ತ ಪರೀಕ್ಷೆ, ತೂಕದ ನೋಟ್‌ಬುಕ್ ಹಾಗೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಎದುರಿಗೆ ಇಟ್ಟುಕೊಂಡೇ ಕರೆ ಮಾಡುವುದು ಕ್ಷೇಮ. ಬಿಡುಗಡೆ ಪತ್ರದಲ್ಲಿ ಬಿಡುಗಡೆಯ ದಿನದ ತೂಕವನ್ನು ನಮೂದಿಸಿದ್ದಾರೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮುನ್ನವೇ ನೋಡಿಕೊಳ್ಳತಕ್ಕದ್ದು. ಅದು ಇಲ್ಲದಿದ್ದಲ್ಲಿ ಮುಂದಿನ ತೂಕವನ್ನು ಯಾವುದರೊಂದಿಗೆ ಹೋಲಿಸಬೇಕೆಂದು ತಿಳಿಯುವುದಿಲ್ಲ. ದಾಖಲೆಗಳು ಕೈಗೆ ಸಿಗದಿದ್ದವರು ಆಸ್ಪತ್ರೆಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಅಂತಹ ಕೋರಿಕೆಯ 72 ಗಂಟೆಗಳೊಳಗೆ ದಾಖಲೆ ಒದಗಿಸತಕ್ಕದ್ದು.

ಚಿಕಿತ್ಸೆ ನೀಡಿದ ವೈದ್ಯರನ್ನೇ ದೂರದಿಂದ ಸಂಪರ್ಕಿಸುವ ಅವಕಾಶವೂ ಇದೆ. 25 ಮಾರ್ಚ್ 2020ರಂದು ಹೊರಡಿಸಲಾದ ದೂರವೈದ್ಯ ಮಾರ್ಗಸೂಚಿಯು ಹಿಂದಿನ ಸಮಾಲೋಚನೆಯಿಂದ ಆರು ತಿಂಗಳೊಳಗೆ, ಅದೇ ಕಾಯಿಲೆಗೆ, ಅದೇ ವೈದ್ಯರನ್ನು ಸಂಪರ್ಕಿಸುವುದನ್ನು ಮುಂದುವರಿದ ಸಮಾಲೋಚನೆ ಎಂದು ಪರಿಗಣಿಸುತ್ತದೆ. ಇಂತಹ ಸಂದರ್ಭದಲ್ಲಿ ಈಗಿರುವ ಔಷಧಿಯನ್ನು ಮುಂದುವರಿಸುವುದಕ್ಕೂ ಅದೇ ಕಾಯಿಲೆಗೆ ಹೆಚ್ಚುವರಿ ಔಷಧಿ ಬರೆಯುವುದಕ್ಕೂ ವೈದ್ಯರಿಗೆ ಅವಕಾಶವಿದೆ. ದೂರದಿಂದ ನೋಡುವುದು ಸಾಲದು, ಖುದ್ದು ಬರಲೇಬೇಕು ಎಂದು ತೀರ್ಮಾನಿಸುವ ಅಧಿಕಾರವೂ ಅವರದೇ. ಬಿಡುಗಡೆಯ ದಿನ "ಯಾವ ಸಂಖ್ಯೆಗೆ, ಯಾವ ವೇಳೆಯಲ್ಲಿ ಕರೆ ಮಾಡಬೇಕು" ಎಂದು ಕೇಳಿ ಬರೆಸಿಕೊಳ್ಳುವ ಕುಟುಂಬಗಳು ವಿರಳ. ಆ ಒಂದು ಸಾಲು ಉಳಿದೆಲ್ಲ ಕಾಗದಗಳಷ್ಟೇ ಬೆಲೆಬಾಳುತ್ತದೆ.

ಮನೆಯಲ್ಲಿ ಗಮನಿಸಬೇಕಾದುದು

ಜೋಳದ ರೊಟ್ಟಿಯಲ್ಲಿ ಸಾಮಾನ್ಯವಾಗಿ ಉಪ್ಪು ಇರುವುದಿಲ್ಲ. ಈ ಭಾಗದ ಊಟಕ್ಕೆ ಅದೊಂದು ಅನುಕೂಲ. ಆದರೆ ರೊಟ್ಟಿಯ ಪಕ್ಕದಲ್ಲಿರುವ ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಬೆರೆಸಿದ ಮಜ್ಜಿಗೆ ಆ ಅನುಕೂಲವನ್ನು ಕಸಿದುಕೊಳ್ಳುತ್ತವೆ. ದಿನಕ್ಕೆ ಎಲ್ಲ ಸೇರಿ ಒಂದು ಚಹಾ ಚಮಚೆಯಷ್ಟು, ಅಂದರೆ 5 ಗ್ರಾಂ ಮೀರದಂತೆ ಉಪ್ಪು ಬಳಸಲು ತಜ್ಞರು ಸಲಹೆ ನೀಡುತ್ತಾರೆ.

ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂತೆಗೆ ಅಥವಾ ಮದುವೆಗೆ ಹೊರಟ ದಿನ ಬಿಟ್ಟುಬಿಡುವುದು ಸಾಮಾನ್ಯ. ಬಸ್ಸಿನಲ್ಲಿ ನಾಲ್ಕು ಗಂಟೆ ಕುಳಿತುಕೊಳ್ಳಬೇಕಾದ ಮಹಿಳೆಗೆ ಇದು ತೀರ ವ್ಯಾವಹಾರಿಕ ತೊಂದರೆಯಾದುದರಿಂದ ಗದರಿಸಿ ಪ್ರಯೋಜನವಿಲ್ಲ. ಅಂತಹ ದಿನ ಮಾತ್ರೆಯ ವೇಳೆಯನ್ನು ಬದಲಿಸಬಹುದೇ ಎಂದು ವೈದ್ಯರನ್ನು ಫೋನಿನಲ್ಲಿ ಕೇಳುವುದು ಮಾತ್ರೆ ಬಿಡುವುದಕ್ಕಿಂತ ಸುರಕ್ಷಿತ. ವಾಂತಿ-ಭೇದಿಯಾದಾಗ, ಬೇಸಿಗೆಯ ಬಿಸಿಲಿನಲ್ಲಿ ಮೈ ಬತ್ತಿದಾಗ ಇದೇ ಮಾತ್ರೆಯ ಪ್ರಮಾಣ ತಗ್ಗಿಸಬೇಕಾಗಬಹುದು. ಅದೂ ಸ್ವಂತ ನಿರ್ಧಾರದಿಂದ ಆಗತಕ್ಕದ್ದಲ್ಲ.

ಹೊಲದ ಕೆಲಸದ ನಂತರ ಸೊಂಟ ಅಥವಾ ಮೊಣಕಾಲು ನೋವಿಗೆ ಅಂಗಡಿಯಿಂದ ನೇರವಾಗಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು-ನೀರನ್ನು ಹಿಡಿದಿಟ್ಟು ಹೃದಯ ವೈಫಲ್ಯವನ್ನು ಉಲ್ಬಣಗೊಳಿಸುತ್ತವೆ. ಇದನ್ನು ರೋಗಿಗೂ ಔಷಧಿ ಅಂಗಡಿಯವರಿಗೂ ತಿಳಿಸಿಡಬೇಕು. ಕೆಲವು ಔಷಧಿಗಳನ್ನು ಆರಂಭಿಸಿದ ಅಥವಾ ಹೆಚ್ಚಿಸಿದ ಒಂದೆರಡು ವಾರಗಳಲ್ಲಿ ರಕ್ತದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಅಗತ್ಯ. ಈ ಪರೀಕ್ಷೆ ಫೋನಿನಲ್ಲಿ ಆಗುವಂಥದ್ದಲ್ಲ.

ಔಷಧಿಯ ವೆಚ್ಚದ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಹೃದಯ ವೈಫಲ್ಯಕ್ಕೆ ಈಗ ಶಿಫಾರಸು ಮಾಡುವ ಡಪಾಗ್ಲಿಫ್ಲೋಜಿನ್ ಔಷಧಿಯ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು ಮಾರ್ಚ್ 2025ರಲ್ಲಿ ಮುಗಿದು, ಹಲವು ಕಂಪನಿಗಳು ಇವನ್ನು ಕಡಿಮೆ ಬೆಲೆಗೆ ತಯಾರಿಸುತ್ತಿವೆ. ದುಬಾರಿ ಬ್ರ್ಯಾಂಡ್ ಬರೆದಿದ್ದಲ್ಲಿ ಅದೇ ಮೂಲ ಔಷಧಿ ಜನೌಷಧಿ ಕೇಂದ್ರದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಮರುದಾಖಲಾತಿ ಅನಿವಾರ್ಯವಾದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಗಳನ್ನು ಬಿಡುಗಡೆ ಪತ್ರದೊಂದಿಗೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಫೋನಿನ ಸಲಹೆಗೆ ಕಾಯಬಾರದ ಸಂದರ್ಭಗಳೂ ಇವೆ. ಕುಳಿತಲ್ಲಿಯೇ ಉಸಿರಾಡಲು ಕಷ್ಟ, ಎದೆನೋವು, ಪ್ರಜ್ಞೆ ತಪ್ಪುವುದು, ಕೆಮ್ಮಿನಲ್ಲಿ ನಸುಗೆಂಪು ನೊರೆ, ತುಟಿ ನೀಲಿಗಟ್ಟುವುದು ಕಂಡುಬಂದಲ್ಲಿ ತಕ್ಷಣ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಕರೆಸಿಕೊಳ್ಳತಕ್ಕದ್ದು. 2008ರಿಂದ ನಡೆಯುತ್ತಿರುವ ಈ ಸೇವೆ ಉಚಿತ.

ಬೆಣ್ಣೆಹಳ್ಳ ತುಂಬುವ ತಿಂಗಳುಗಳಲ್ಲಿ ಯಾವಗಲ್ ಹಾಗೂ ಸುತ್ತಲಿನ ಗ್ರಾಮಗಳ ರೋಗಿಗಳು ಕನಿಷ್ಠ ಎರಡು ವಾರಗಳಿಗೆ ಸಾಲುವಷ್ಟು ಔಷಧಿಯನ್ನು ಮೊದಲೇ ತಂದಿಟ್ಟುಕೊಳ್ಳುವುದು ಅವಶ್ಯ. ತೂಕ ಏರಿದ್ದು ಕಂಡುಬಂದಲ್ಲಿ ನೀರು ಸೇತುವೆಗೆ ಬರುವ ಮುನ್ನವೇ ಆಸ್ಪತ್ರೆ ಸೇರುವ ಬಗ್ಗೆ ಆರೋಗ್ಯ ಕೇಂದ್ರದ ಸಿಬ್ಬಂದಿಯೊಂದಿಗೆ ಸಮಾಲೋಚಿಸತಕ್ಕದ್ದು. ಆಸ್ಪತ್ರೆಯಿಂದ ಮರಳಿದ ವಾರದಲ್ಲಿಯೇ ರೋಗಿಯ ಹೆಸರು, ಬಿಡುಗಡೆಯ ದಿನಾಂಕ ಹಾಗೂ ಆ ದಿನದ ತೂಕವನ್ನು ಗ್ರಾಮದ ಆಶಾ ಕಾರ್ಯಕರ್ತೆಗೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿಗೆ ಕುಟುಂಬದವರೇ ಬರೆದುಕೊಡಬಹುದಾಗಿದೆ. ಇದಕ್ಕೆ ಪ್ರತ್ಯೇಕ ಅರ್ಜಿ ನಮೂನೆಯಾಗಲಿ ಶುಲ್ಕವಾಗಲಿ ಬೇಕಾಗಿಲ್ಲ.